ಬೇಟೆಯ ಯೋಜನೆ: ವರ್ತಕರು ಅರಿತಿರಬೇಕಾದ ಕಾನೂನು ಹಾಗೂ ಲೆಕ್ಕಪತ್ರ

ಯುಗಾದಿಯ ಆಸುಪಾಸಿನಲ್ಲಿ ಗುಂಪಾಗಿ ಬೇಟೆಗೆ ಹೊರಡುವ ರೂಢಿ ಕೆಲವು ಗ್ರಾಮಗಳಲ್ಲಿ ಇನ್ನೂ ಉಳಿದಿದೆ. ಅಂಥ ಸಂದರ್ಭದಲ್ಲಿ ಜೀಪು ಕೊಡಿರೆಂದೋ ಡೀಸೆಲ್ ಖರ್ಚು ಭರಿಸಿರೆಂದೋ ಊರಿನ ಗಿರಣಿ ಮಾಲೀಕರನ್ನೇ ಕೇಳುವುದು ಸಹಜ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ವರ್ತಕರು ದಾಕ್ಷಿಣ್ಯಕ್ಕೆ ಒಳಗಾಗುವ ಮುನ್ನ ಪರಿಣಾಮವನ್ನು ಅರಿಯುವುದು ಅಗತ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ವಿಷವಿಡುವುದು, ಉರುಳು ಒಡ್ಡುವುದು, ಅಟ್ಟುವುದು, ಅಂಥ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. 1994ರಲ್ಲಿ ದರೋಜಿ ಧಾಮದ ರಕ್ಷಣೆ ಪಡೆದ ಕರಡಿ ಮೊದಲನೇ ಅನುಸೂಚಿಗೆ ಸೇರಿದ್ದು, ಅದರ ಬೇಟೆಗೆ 3ರಿಂದ 7 ವರ್ಷ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ, ಆಯುಧಗಳು 39ನೇ ಕಲಮಿನಂತೆ ಸರಕಾರದ ಸ್ವತ್ತಾಗುತ್ತವೆ. ಬ್ಯಾಂಕಿನ ಸಾಲದ ಕಂತು ಮಾತ್ರ ಮಾಲೀಕನ ಹೆಗಲಿಗೇ ಉಳಿಯುತ್ತದೆ!

ಭತ್ತದ ಗದ್ದೆಗೆ ನುಗ್ಗುವ ಕಾಡುಹಂದಿಯ ವಿಷಯ ಬೇರೆ. ಬೆಳೆಹಾನಿ ಉಂಟಾದಾಗ 11ನೇ ಕಲಮಿನಡಿ ಅಧಿಕೃತ ಅಧಿಕಾರಿಯು ಕಾರಣ ನಮೂದಿಸಿ ಲಿಖಿತ ಆದೇಶ ನೀಡಬಹುದು. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ.

ಪರ್ವತಗಳಲ್ಲಿ ದೊಡ್ಡ ಪ್ರಾಣಿಯ ಬೇಟೆಯಾಡಲೇಬೇಕೆಂಬ ಹವ್ಯಾಸಿಗಳಿಗೆ ನ್ಯೂಜಿಲೆಂಡ್‌ನಂಥ ದೇಶಗಳು ಕಾನೂನಿನ ಅವಕಾಶ ಕೊಟ್ಟಿವೆ. ಹಿಮಾಲಯ ಮೂಲದ ಥಾರ್ ಎಂಬ ಕಾಡುಮೇಕೆಯನ್ನು 1904ರಲ್ಲಿ ಅಲ್ಲಿಗೆ ಒಯ್ದು ಬಿಡಲಾಗಿತ್ತು. ಇಂದು ಅಲ್ಲಿ ಅದು ಬೇಟೆಯ ಪ್ರಾಣಿ, ಭಾರತದಲ್ಲಿ ಮೊದಲನೇ ಅನುಸೂಚಿಯ ಪ್ರಾಣಿ. ಪ್ರವಾಸದ ಹಣವನ್ನು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ, ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ, ಬ್ಯಾಂಕಿನ ಮೂಲಕವೇ ಕಳುಹಿಸತಕ್ಕದ್ದು. ಕೊಂಬು, ಚರ್ಮಗಳನ್ನು ಪೆಟ್ಟಿಗೆಯಲ್ಲಿಟ್ಟು ತರುವ ಆಸೆಯನ್ನು ಬಿಡುವುದು ಲೇಸು.

ಈ ವೆಚ್ಚವನ್ನು ‘ವ್ಯಾಪಾರ ಪ್ರಚಾರ’ದ ಖಾತೆಗೆ ಬರೆಯುವುದು ಸರಿಯಲ್ಲ; ಅದು ಮಾಲೀಕನ ವೈಯಕ್ತಿಕ ಡ್ರಾಯಿಂಗ್ಸ್. ನಿಷೇಧಿತ ಕಾರ್ಯಕ್ಕೆ ಮಾಡಿದ ಖರ್ಚಿಗಂತೂ ಆದಾಯ ತೆರಿಗೆಯಲ್ಲಿ ವಿನಾಯಿತಿಯೇ ಇಲ್ಲ. ವಿದೇಶದ ಕಾನೂನು ನಿಷೇಧಿಸಿದ ಕಾರ್ಯಕ್ಕೂ ಇದು ಅನ್ವಯವೆಂದು 2022ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು.

ಇನ್ನು, ಹಳೆಯ ಮನೆತನಗಳ ಗೋಡೆಗಳಲ್ಲಿರುವ ಜಿಂಕೆಯ ಕೊಂಬು, ಚಿರತೆಯ ಚರ್ಮದ ಮಾತು. ಇಂಥ ವಸ್ತು ವಾರಸಾಗಿ ಬಂದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಮಾಲೀಕತ್ವದ ಪ್ರಮಾಣಪತ್ರವಿದ್ದರೂ ಮಾರುವಂತಿಲ್ಲ. ಆದ್ದರಿಂದ ಪಾಲುಪಟ್ಟಿ ಬರೆಯುವಾಗ ಅದಕ್ಕೆ ಬೆಲೆ ಕಟ್ಟಿ, ಅಣ್ಣತಮ್ಮಂದಿರಲ್ಲಿ ಒಬ್ಬರ ಪಾಲಿಗೆ ಹಾಕಿ ಲೆಕ್ಕ ಸರಿದೂಗಿಸಲು ಬರುವುದಿಲ್ಲ.