ಕೊಲೆಸ್ಟರಾಲ್ ಪರೀಕ್ಷೆ: ಯಾರಿಗೆ, ಯಾವಾಗ, ಏತಕ್ಕೆ?



ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಬಂದ ವರದಿಯನ್ನು ಪೆಟ್ಟಿಗೆಯಲ್ಲಿಟ್ಟು, ಸುಣ್ಣ ಹಾಕದೆ ಕುಳಿತರೆ ಫಲವೇನು? ರಕ್ತದ ಕೊಲೆಸ್ಟರಾಲ್ ವಿಷಯದಲ್ಲಿ ನಮ್ಮಲ್ಲಿ ಅನೇಕರು ಮಾಡುತ್ತಿರುವುದು ಇದನ್ನೇ. ಶಿಬಿರ ನಡೆದಾಗಲೆಲ್ಲ ರಕ್ತ ಕೊಟ್ಟು ಬರುವವರಿದ್ದಾರೆ. ಅಗತ್ಯವಿದ್ದೂ ಒಮ್ಮೆಯೂ ಪರೀಕ್ಷಿಸಿಕೊಳ್ಳದವರೂ ಇದ್ದಾರೆ.

ಕೊಲೆಸ್ಟರಾಲ್ ಹೆಚ್ಚಾದರೆ ನೋವಿಲ್ಲ, ಸುಸ್ತಿಲ್ಲ. ಒಳಗೊಳಗೇ ರಕ್ತನಾಳದ ಗೋಡೆಗೆ ಜಿಡ್ಡು ಕಟ್ಟುತ್ತದೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ 18ನೆಯ ವಯಸ್ಸಿನಲ್ಲಿ ಮೊದಲ ಪರೀಕ್ಷೆ ಆಗಬೇಕು. ಮನೆತನದಲ್ಲಿ ಚಿಕ್ಕ ಪ್ರಾಯಕ್ಕೇ ಹೃದಯಾಘಾತವಾಗಿದ್ದರೆ ಅದಕ್ಕೂ ಮೊದಲೇ ಆಗತಕ್ಕದ್ದು. ಇದುವರೆಗೆ ಮಾಡಿಸದವರ ಪೈಕಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಬೀಡಿ ಸೇದುವವರು, ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ಇನ್ನು ತಡಮಾಡಬಾರದು.

ಬರಿಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಪೇಟೆಗೆ ಓಡಬೇಕೆಂಬ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡುವವರು ಬಹಳ. ಸಾಮಾನ್ಯವಾಗಿ ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ 400 ದಾಟಿದ್ದರೆ ಮಾತ್ರ ವೈದ್ಯರು ಬರಿಹೊಟ್ಟೆಯಲ್ಲಿ ಇನ್ನೊಮ್ಮೆ ಬರಹೇಳಬಹುದು.

ಇನ್ನು ವರದಿಯ ಚೀಟಿ. ಅದರ ಅಂಚಿನಲ್ಲಿ ಅಚ್ಚಾಗಿರುವ 'ನಾರ್ಮಲ್' ಎಲ್ಲರಿಗೂ ಒಂದೇ ಅಲ್ಲ. ಕೆಟ್ಟ ಕೊಲೆಸ್ಟರಾಲ್ ಎನಿಸಿಕೊಂಡ ಎಲ್.ಡಿ.ಎಲ್. ಆರೋಗ್ಯವಂತರಲ್ಲಿ 100ಕ್ಕಿಂತ ಕೆಳಗಿದ್ದರೆ ಸಾಕು. ಹೃದಯಾಘಾತ ಆದವರಲ್ಲಿ 55ಕ್ಕಿಂತ ಕೆಳಗಿರಬೇಕು. ಆದುದರಿಂದ ವಯಸ್ಸು, ರಕ್ತದೊತ್ತಡ, ಸಕ್ಕರೆ, ಹೊಗೆಸೊಪ್ಪು ಇವೆಲ್ಲವನ್ನೂ ಕೂಡಿಸಿಯೇ ವೈದ್ಯರು ಆ ಅಂಕಿಯನ್ನು ಓದಬೇಕು.

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದ ನಮ್ಮ ಸದಸ್ಯರೊಬ್ಬರು ಶಿಬಿರವೊಂದರಲ್ಲಿ ಎಲ್.ಡಿ.ಎಲ್. 80 ಎಂಬ ಚೀಟಿ ಪಡೆದರು. 'ನಾರ್ಮಲ್ ಬಂತು, ಇನ್ನೇಕೆ ಖರ್ಚು?' ಎಂದು ಮಾತ್ರೆ ಬಿಟ್ಟರು. ಅಷ್ಟಕ್ಕಿಳಿದದ್ದೇ ಮಾತ್ರೆಯಿಂದ, ಅವರ ಮಟ್ಟಿಗೆ ಅದೂ ಹೆಚ್ಚೇ ಎಂದು ಹೇಳುವವರು ಅಲ್ಲಿರಲಿಲ್ಲ. ಮುಂದಿನ ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ದೈವಕೃಪೆಯಿಂದ ಉಳಿದುಕೊಂಡರು. ಕಳೆದ ವರ್ಷ ಕೊಳೆರೋಗ ಬರಲಿಲ್ಲವೆಂದು ಈ ವರ್ಷ ಬೋರ್ಡೋ ದ್ರಾವಣ ಹೊಡೆಯದೆ ಬಿಡುತ್ತೇವೆಯೇ?

ಹಾಗೆಂದು ಪದೇ ಪದೇ ಪರೀಕ್ಷಿಸುವುದೂ ವ್ಯರ್ಥ ವೆಚ್ಚ. ಮಾತ್ರೆ ಆರಂಭಿಸಿದ ಮೇಲೆ 4ರಿಂದ 12 ವಾರಗಳೊಳಗೆ ಒಮ್ಮೆ ನೋಡಬೇಕು. ಅಂಕಿ ಹತೋಟಿಗೆ ಬಂದು ನಿಂತ ಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಾಕು. ಬೇರಾವ ತೊಂದರೆಯೂ ಇಲ್ಲದೆ ಅಂಕಿ ಚೆನ್ನಾಗಿದ್ದವರು ಕೆಲವು ವರ್ಷಗಳಿಗೊಮ್ಮೆ, ವೈದ್ಯರು ಹೇಳಿದಾಗ ಮಾಡಿಸಿದರಾಯಿತು.

ಸಂಘದ ಪಾಸ್ ಪುಸ್ತಕದಷ್ಟೇ ಜೋಪಾನವಾಗಿ ಹಳೆಯ ವರದಿಗಳನ್ನು ಇಟ್ಟುಕೊಂಡು, ಪ್ರತಿಸಲವೂ ಅದೇ ವೈದ್ಯರಿಗೆ ತೋರಿಸಿರಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸದಿರಿ ಎಂಬುದೇ ನಮ್ಮ ವಿನಂತಿ.