ಪಹಣಿ ಓದಬಲ್ಲ ದಲ್ಲಾಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳೇ. ಆದರೂ ಚನ್ನಗಿರಿಯ ಸೂಳೆಕೆರೆ ಬಯಲಿನ ಗದ್ದೆ-ತೋಟಕ್ಕೂ ಜಗಳೂರಿನ ಖುಷ್ಕಿಗೂ ಬೆಲೆಯಲ್ಲಿ ಅಜಗಜಾಂತರ. ಅಡಿಕೆ ದುಡ್ಡು ಜಮೀನು ಹುಡುಕುತ್ತಿದೆ, ಪಟ್ಟಣದಂಚಿನ ಹೊಲ ಸೈಟಾಗುತ್ತಿದೆ. ಜಮೀನು ಕೊಡಿಸುವ ಈ ದಲ್ಲಾಳಿ ವ್ಯಾಪಾರಕ್ಕಿಳಿಯುವ ಹುಡುಗರಿಗೆ ಸಿಗುವ ಉಪದೇಶ ಒಂದೇ: ಕಷ್ಟಪಡು. ಯಾವ ಕಷ್ಟ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪಾರ್ಟಿಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಿಸಿಲಲ್ಲಿ ಸುತ್ತುವುದೂ ಕಷ್ಟವೇ. ಆದರೆ ದಲ್ಲಾಳಿಯನ್ನು ಈ ಕಸುಬಿನಲ್ಲಿ ಉಳಿಸುವುದು ತಾಲ್ಲೂಕು ಕಚೇರಿಯ ಕಾಗದ ಓದುವ ಕಷ್ಟ.

ಒಂದು ಪಹಣಿಯನ್ನೇ ನೋಡಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಅ ಖರಾಬು, ಬ ಖರಾಬು ಎಂದು ಗುಂಟೆ ಲೆಕ್ಕ ಇರುತ್ತದೆ. ಬ ಖರಾಬು ಎಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಸಾವಿರಾರು ಎಕರೆಗೆ ಹರಡಿದ ಸೂಳೆಕೆರೆಯಂಥ ಕೆರೆಯ ಅಂಚಿನಲ್ಲಿ ಇದು ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಗಳವೂ ಹೊಲದ ಹಾಗೇ ಕಾಣುತ್ತದೆ, ಎಲ್ಲೆ ತಿಳಿಯಬೇಕಾದರೆ ಸರ್ವೆ ನಕ್ಷೆಯೇ ಗತಿ. 9ನೇ ಕಾಲಂನಲ್ಲಿ ನಾಲ್ಕೈದು ಹೆಸರಿದ್ದು ಪಾಲು ಅಳೆದು ಪೋಡಿ ಆಗಿಲ್ಲದಿದ್ದರೆ ಮಾರುವವನ ಪಾಲು ಯಾವ ಮೂಲೆಯದು ಎಂದೇ ಗೊತ್ತಾಗದು. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಕೂತಿರಬಹುದು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಪಾಲು ಕೇಳಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅದು ಗಂಡುಮಕ್ಕಳ ಪಾಲಿನಷ್ಟೇ ಗಟ್ಟಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡ ಭೂಮಿ ವರ್ಷಗಳ ನಂತರವೂ ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳಬಹುದು.

ಪಹಣಿ ಈಗ ಮೊಬೈಲಿನಲ್ಲೇ ಸಿಗುವಾಗ ದಲ್ಲಾಳಿ ಯಾಕೆ ಎನ್ನುವವರಿದ್ದಾರೆ. ಭೂಮಿ ತಂತ್ರಾಂಶ ಕಾಗದ ಕೊಡುತ್ತದೆ, ಬದು ಒತ್ತಿದ್ದನ್ನು ತೋರಿಸುವುದಿಲ್ಲ. ದುಡ್ಡಿದ್ದವನೇ ಗೆಲ್ಲುವುದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಭೂಪರಿವರ್ತನೆ, ರಸ್ತೆ, ಚರಂಡಿ ಮಾಡಿಸಿ ಬಡಾವಣೆ ಕಟ್ಟಲು ಬಂಡವಾಳ ಬೇಕೇ ಬೇಕು. ದಲ್ಲಾಳಿಗೆ ಅಷ್ಟು ಬೇಡ. ಆದರೆ 500 ಚದರ ಮೀಟರ್ ಮೀರಿದ ಬಡಾವಣೆಯ ಸೈಟು ಮಾರಿಸುವವನು 2016ರ ರೇರಾ ಕಾಯ್ದೆಯಡಿ ತಾನೂ ಏಜೆಂಟಾಗಿ ನೋಂದಾಯಿಸಿಕೊಳ್ಳಬೇಕು. ಬೇಸಾಯದ ಜಮೀನು ಕೊಳ್ಳುವವರಿಗೆ ರೇರಾದ ರಕ್ಷಣೆಯೂ ಇಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಕಮಿಷನ್ ಕೈತಪ್ಪುತ್ತದೆ ಎಂಬುದೇ ಗಟ್ಟಿಯಾದ ಆಕ್ಷೇಪ. ಆ ವ್ಯವಹಾರದ ಮಟ್ಟಿಗೆ ಅದು ನಿಜ. ಆದರೆ ಕಮಿಷನ್ ಸಾಮಾನ್ಯವಾಗಿ ಕೈಸೇರುವುದು ರಿಜಿಸ್ಟ್ರಿ ದಿನ. ಮುಂಗಡ ಕೊಟ್ಟ ಮೇಲೆ ತಕರಾರು ಎದ್ದರೆ ಕಮಿಷನ್ನೂ ಇಲ್ಲ, ಮುಂಗಡ ವಾಪಸು ಕೊಡಿಸಲು ಪಂಚಾಯ್ತಿಗೆ ಕೂರಬೇಕಾದವನೂ ದಲ್ಲಾಳಿಯೇ. ಕೊಳ್ಳುವವರು, ಮಾರುವವರು ಒಂದೇ ಸಂತೆಗೆ ಬರುವ, ಒಂದೇ ಮದುವೆಯಲ್ಲಿ ಊಟಕ್ಕೆ ಕೂರುವ ಊರುಗಳಿವು. ಇಲ್ಲಿ ತಕರಾರಿಗೆ ಸಿಕ್ಕ ವ್ಯವಹಾರದ ಸುದ್ದಿ ಮುಂದಿನ ಪಾರ್ಟಿಗೆ ದಲ್ಲಾಳಿಗಿಂತ ಮೊದಲೇ ತಲುಪಿರುತ್ತದೆ.