ನಡಿಗೆಯೂ ಆಲೋಚನೆಯೂ

ನಡೆಯುತ್ತಿರುವ ವೃದ್ಧರನ್ನು ಯಾರಾದರೂ ಮಾತನಾಡಿಸಿದರೆ, ಅವರು ಉತ್ತರ ಹೇಳುವುದಕ್ಕಾಗಿ ನಿಂತುಬಿಡುವುದುಂಟು. ಹೀಗೆ ನಿಲ್ಲುವವರು ಮುಂದೆ ಬೀಳುವ ಸಂಭವ ಹೆಚ್ಚೆಂಬುದನ್ನು 1997ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ ಮೇಲೆ, ನಡಿಗೆಯು ಕಾಲಿನ ಕೆಲಸ ಮಾತ್ರವಲ್ಲದೆ ಬುದ್ಧಿಯ ಅವಧಾನವನ್ನೂ ಬೇಡುವ ವ್ಯಾಪಾರವೆಂಬುದು ವೈದ್ಯಲೋಕಕ್ಕೆ ಇನ್ನಷ್ಟು ಸ್ಪಷ್ಟವಾಯಿತು.

ಮಿದುಳಿನ ಆಳಕ್ಕಿಳಿಯುವ ಅತಿಸೂಕ್ಷ್ಮ ರಕ್ತನಾಳಗಳು ಬಹುಕಾಲದ ರಕ್ತದೊತ್ತಡದಿಂದಲೂ ವಯೋಧರ್ಮದಿಂದಲೂ ಗಡುಸಾದಾಗ, ಅವುಗಳಿಂದ ಪೋಷಣೆ ಪಡೆಯುವ ಶ್ವೇತದ್ರವ್ಯ, ಎಂದರೆ ಮಿದುಳಿನ ಭಾಗಗಳನ್ನು ಪರಸ್ಪರ ಬೆಸೆಯುವ ನರತಂತುಗಳ ಸಮೂಹ, ಅಲ್ಲಲ್ಲಿ ಶಿಥಿಲವಾಗುತ್ತದೆ. ಹಣೆಯ ಹಿಂದಣ ಭಾಗದಿಂದ ಒಳಗಣ ನರಕೇಂದ್ರಗಳಿಗೆ ಹೋಗಿಬರುವ ತಂತುಗಳು ಹೆಜ್ಜೆಯ ಗತಿಗೂ ಯೋಜನೆಯ ಚುರುಕಿಗೂ ಸಮಾನವಾಗಿ ಬೇಕಾದವು. ಆದುದರಿಂದಲೇ ಹೆಜ್ಜೆ ಕಿರಿದಾಗುವುದೂ ವಿಚಾರ ನಿಧಾನವಾಗುವುದೂ ಅನೇಕ ವೇಳೆ ಜೊತೆಯಾಗಿ ಬರುತ್ತವೆ.

ಹೀಗೆ ಶಿಥಿಲವಾಗುವ ಈ ನರತಂತುಗಳ ಜಾಲವನ್ನು ಶಸ್ತ್ರ ಸೋಕಿಸದೆ ಪ್ರಚೋದಿಸಲು ಎರಡು ಮಾರ್ಗಗಳು ಪ್ರಸಿದ್ಧವಾಗಿವೆ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆಂದು 1831ರಲ್ಲಿ ಫ್ಯಾರಡೆ ಕಂಡ ತತ್ತ್ವವನ್ನೇ ಅವಲಂಬಿಸಿ, 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಅವರ ಸಹೋದ್ಯೋಗಿಗಳು ತಲೆಯ ಮೇಲೆ ಹಿಡಿದ ತಂತಿಸುರುಳಿಯಿಂದ ಮಿದುಳನ್ನು ಎಚ್ಚರಿಸಿದರು. ಎರಡನೆಯದರಲ್ಲಿ, ನೆತ್ತಿಯ ಚರ್ಮಕ್ಕೆ ತೇವವಾದ ಫಲಕಗಳನ್ನಿಟ್ಟು, ಸಾಮಾನ್ಯವಾಗಿ 1ರಿಂದ 2 ಮಿಲಿಆಂಪೇರಿನಷ್ಟು ನೇರ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ. 2000ದಲ್ಲಿ ಗೋಟಿಂಗೆನ್ನಿನ ಸಂಶೋಧಕರಾದ ನಿಚ್ಚೆ ಮತ್ತು ಪೌಲುಸ್ ಇದರ ಪರಿಣಾಮವನ್ನು ಅಳೆದು ತೋರಿಸಿದರು. ಮೊದಲನೆಯದು ನರಕೋಶವನ್ನು ಸ್ಫುರಿಸುವಂತೆಯೇ ಮಾಡಬಲ್ಲದು. ಎರಡನೆಯದು ಅದರ ಸ್ಫುರಣಶೀಲತೆಯನ್ನು ಮಾತ್ರ ಹೆಚ್ಚುಕಡಮೆ ಮಾಡುತ್ತದೆ.

ಆದರೆ ಕಾಲುಗಳನ್ನು ಆಳುವ ಪ್ರದೇಶವು ಎರಡು ಅರ್ಧಗೋಳಗಳ ನಡುವಣ ಸೀಳಿನಲ್ಲಿ ಅಡಗಿರುವುದರಿಂದಲೂ, ಆಳಕ್ಕೆ ಹೋದಂತೆ ಕಾಂತದ ಬಲ ಕುಂದುವುದರಿಂದಲೂ, ಅಲ್ಲಿಗೆ ಮುಟ್ಟುವುದು ಸುಲಭವಲ್ಲ. ಈವರೆಗಿನ ಪ್ರಯೋಗಗಳಲ್ಲಿ ಬಹುಪಾಲು ಚಿಕ್ಕವು, ಅವುಗಳ ಫಲಗಳೂ ಏಕರೂಪವಲ್ಲ. ಯಂತ್ರದ ಮೇಲಣ ನಂಬಿಕೆಯಿಂದಲೇ ರೋಗಿಗೆ ಗುಣವಾದಂತೆನಿಸಬಹುದಾದ್ದರಿಂದ, ತೋರಿಕೆಯ ಪ್ರಚೋದನೆಯೊಡನೆ ಹೋಲಿಸದ ಯಾವ ಫಲವನ್ನೂ ಪ್ರಮಾಣವೆಂದು ಒಪ್ಪಲಾಗದು. ಮೂರ್ಛೆರೋಗವುಳ್ಳವರಿಗೂ ತಲೆಯೊಳಗೆ ಲೋಹದ ಸಾಧನವಿರುವವರಿಗೂ ವಿಶೇಷ ಎಚ್ಚರಿಕೆ ಬೇಕು.

ಆದುದರಿಂದ ಈ ಉಪಾಯವು ಸ್ವತಂತ್ರ ಔಷಧವಲ್ಲ, ಅಭ್ಯಾಸದ ಸಹಾಯಕವೆಂದೇ ತಿಳಿಯತಕ್ಕದ್ದು. ನಡೆಯುತ್ತಲೇ ನೂರರಿಂದ ಏಳೇಳನ್ನು ಕಳೆಯುತ್ತ ಬರುವಂಥ ಜೋಡಿ ಕಾರ್ಯಗಳಲ್ಲಿ ರೋಗಿ ದಿನದಿನವೂ ಪಳಗಬೇಕು. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು ಉಳಿದ ತಂತುಗಳನ್ನು ಕಾಪಾಡಬೇಕು. ನಡಿಗೆಯನ್ನು ಒಬ್ಬ ವೈದ್ಯನಿಗೂ ಆಲೋಚನೆಯನ್ನು ಇನ್ನೊಬ್ಬನಿಗೂ ಹಂಚಿಕೊಡುವ ನಮ್ಮ ರೂಢಿ, ಇವೆರಡೂ ಒಂದೇ ಜಾಲದ ಕಾರ್ಯಗಳೆಂದು ತಿಳಿದಮೇಲೆ ಬದಲಾಗಲೇಬೇಕು.